ನೂರ ಎಂಬತ್ತೇಳನೆಯ ಸರದಿ

ಮಧ್ಯಾಹ್ನ ಮೂರು ಗಂಟೆ ನಲವತ್ತೆರಡು ನಿಮಿಷ. ಸೆಕೆಂಡು ಸಮೇತ ಬೇಕಾದರೆ ಹದಿನಾರು. ನನ್ನ ಜ್ಞಾಪಕಶಕ್ತಿ ದೊಡ್ಡದೆಂದು ತಿಳಿಯಬೇಡಿ. ನಿನ್ನೆ ಬೆಳಿಗ್ಗೆ ಏನು ತಿಂಡಿ ಎಂದು ಯಾರಾದರೂ ಕೇಳಿದರೆ ಅಮ್ಮನ ಮುಖ ನೋಡುವವಳು ನಾನು. ಆ ಹೊತ್ತನ್ನು ಬರೆದಿಟ್ಟದ್ದು ನನ್ನ ಲ್ಯಾಪ್‌ಟಾಪ್. ಆಟ ಒಂದೊಂದು ಹೆಜ್ಜೆ ಇಟ್ಟಾಗಲೂ ಒಂದೊಂದು ಸಾಲು ಬರೆಯುವಂತೆ ನಾನೇ ಏರ್ಪಾಡು ಮಾಡಿದ್ದೆ. ‘ಸರದಿ ೧೮೭ ಆರಂಭ, ೩:೪೨:೧೬’ ಎಂಬುದು ಅದರಲ್ಲಿ ಕೊನೆಯ ಸಾಲು. ಅದರ ಕೆಳಗೆ ‘ಸರದಿ ೧೮೭ ಮುಕ್ತಾಯ’ ಎಂದು ಬರಬೇಕಿತ್ತು. ಬರಲಿಲ್ಲ.

ನನ್ನ ಮೇಜಿನ ಮೇಲೆ, ಪೆನ್ನು ಸಿಕ್ಕಿಸುವ ಡಬ್ಬದ ಪಕ್ಕದಲ್ಲಿ, ಈಗ ಒಂದು ಕೆಂಪು ಪ್ಲಾಸ್ಟಿಕ್ ಗುಂಡಿ ಇದೆ. ಅರ್ಧ ಕರಗಿದೆ. ಕರಗಿದ ಕಡೆ ಮರಳಿನ ಕಣಗಳು ಅಂಟಿಕೊಂಡು ಗಟ್ಟಿಯಾಗಿವೆ. ದೂಳು ಒರೆಸುವಾಗ ಅಮ್ಮ ಎರಡು ಸಲ ಅದನ್ನು ಕಸಕ್ಕೆ ಹಾಕಿದ್ದಾಳೆ. ಎರಡು ಸಲವೂ ನಾನು ಹುಡುಕಿ ತಂದಿಟ್ಟಿದ್ದೇನೆ. “ಇದೇನ್ ಚಿನ್ನಾನೇನೆ?” ಎಂದು ಕೇಳಿದಳು. ಅಲ್ಲ. ಒಬ್ಬರ ಬಲಗೈ ಸುಟ್ಟ ದಿನ ಅವರ ಕೈಯಲ್ಲಿದ್ದ ವಸ್ತುವಿನಲ್ಲಿ ಉಳಿದದ್ದು ಅಷ್ಟೇ.

ಮೊದಲಿಂದ ಹೇಳುತ್ತೇನೆ ಎಂದುಕೊಂಡರೆ ಮೊದಲು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಬಹುಶಃ ವಿದ್ಯಾರಣ್ಯಪುರಂನ ನಮ್ಮ ಮನೆಯ ನಡುಕೋಣೆಯಲ್ಲಿ, ಹೂವಿನ ಕಸೂತಿಯ ಬಟ್ಟೆ ಹೊದ್ದು ಕೂತಿದ್ದ ಹಳೆಯ ಕಂಪ್ಯೂಟರಿನಲ್ಲಿ ಇರಬೇಕು. ಅದರಲ್ಲಿ ಒಂದು ಆಟವಿತ್ತು. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಮ್ಮ ಮನೆಯಲ್ಲಿ ಅದು ಬರೀ ‘ಕೋಟೆ ಆಟ’. ಒಂದು ದೊಡ್ಡ ನಕ್ಷೆ, ನಾಲ್ವರು ರಾಜರು. ಒಬ್ಬ ನೀವು, ಉಳಿದ ಮೂವರು ಕಂಪ್ಯೂಟರಿನವರು. ನಿಮ್ಮ ಸರದಿ ಬಂದಾಗ ಕಣಜ ಕಟ್ಟಿಸಬಹುದು, ಸೈನ್ಯ ನಡೆಸಬಹುದು, ಪಕ್ಕದ ರಾಜನಿಗೆ ದೂತನನ್ನು ಕಳಿಸಬಹುದು. ಆಮೇಲೆ ಕೈಕಟ್ಟಿ ಕೂರಬೇಕು. ಆ ಮೂವರು ಯೋಚನೆ ಮಾಡಿ ತಮ್ಮ ತಮ್ಮ ಕೆಲಸ ಮುಗಿಸುವ ತನಕ ನೀವು ಏನನ್ನೂ ಮುಟ್ಟುವ ಹಾಗಿಲ್ಲ. ಸರದಿ ಮುಗಿದ ಮೇಲಷ್ಟೇ ಆಟವನ್ನು ಉಳಿಸಿಡಲು ಸಾಧ್ಯ.

ನಾನೂ ತಮ್ಮ ಹರೀಶನೂ ಸರದಿಗೊಬ್ಬರಂತೆ ಕುರ್ಚಿ ಬದಲಾಯಿಸುತ್ತಿದ್ದೆವು. ಅಡುಗೆಮನೆಯಿಂದ ಅಮ್ಮ, “ಬಂದ್ರೋ ಇಲ್ವೋ? ಸಾರು ಆರ್ತಾ ಇದೆ” ಎಂದರೆ ಇಬ್ಬರದೂ ಒಂದೇ ಉತ್ತರ: “ಇದೊಂದು ಸರದಿ ಅಮ್ಮಾ.” ಹೀಗೆ ಆರಿದ ಸಾರನ್ನೆಲ್ಲ ಸೇರಿಸಿದ್ದರೆ ಕುಕ್ಕರಹಳ್ಳಿ ಕೆರೆಗೊಂದು ಕೋಡಿ ಹರಿಯುತ್ತಿತ್ತೆಂದು ಅಮ್ಮ ಈಗಲೂ ಹೇಳುತ್ತಾಳೆ.

ಕರೆಂಟು ಹೋದರೆ ಮೇಜಿನ ಕೆಳಗಿದ್ದ ಯುಪಿಎಸ್ ಕಿಂಯ್ ಕಿಂಯ್ ಎಂದು ಕೂಗಿಕೊಳ್ಳುತ್ತಿತ್ತು. ಅದರ ಬ್ಯಾಟರಿಯಲ್ಲಿ ಏಳು ನಿಮಿಷದ ಜೀವ. ಆ ಏಳು ನಿಮಿಷದಲ್ಲಿ ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸರದಿ ಮುಗಿಸು, ಉಳಿಸು, ಆರಿಸು. ಕೂಗು ಕೇಳಿದ ಕೂಡಲೇ ಮಿಕ್ಕ ಮಕ್ಕಳು ಕತ್ತಲೆಗೆ ಹೆದರುತ್ತಿದ್ದರೇನೋ, ನಾವಿಬ್ಬರು ಮಾತ್ರ ಮೈಯೆಲ್ಲ ಬಿಗಿಮಾಡಿಕೊಂಡು ಆ ಮೂವರು ರಾಜರು ಬೇಗ ಬೇಗ ಯೋಚಿಸಲಿ ಎಂದು ಕಾಯುತ್ತಿದ್ದೆವು. ಅಪಾಯದ ಸದ್ದು ಎಂದರೆ ‘ಇನ್ನೂ ಸ್ವಲ್ಪ ಹೊತ್ತಿದೆ’ ಎಂದರ್ಥ. ಇದನ್ನು ಚೆನ್ನಾಗಿ ಕಲಿತೆ. ಎಷ್ಟು ಚೆನ್ನಾಗಿ ಎಂಬುದು ಇಪ್ಪತ್ತು ವರ್ಷದ ಮೇಲೆ ಮಂಡಿ ಮೊಹಲ್ಲಾದಲ್ಲಿ ಗೊತ್ತಾಯಿತು.

ಮಂಡಿ ಮೊಹಲ್ಲಾದಲ್ಲಿ ಮಹದೇವಪ್ಪನವರದು ಗೋಣಿಚೀಲದ ಸಗಟು ಅಂಗಡಿ. ಅದರ ಅಟ್ಟದ ಮೇಲೆ, ಹನ್ನೊಂದು ಮರದ ಮೆಟ್ಟಿಲು ಹತ್ತಿದರೆ, ಇಮ್ತಿಯಾಜ್ ಭಾಯ್ ಅವರ ರಿಪೇರಿ ಕೋಣೆ. ರೇಡಿಯೋ, ಮೊಬೈಲು, ಆಟದ ಸಾಮಾನು, ಏನು ಕೆಟ್ಟರೂ ಅಲ್ಲಿಗೆ ಬರುತ್ತಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಅಕ್ಕಿಯ ನುಚ್ಚಿಗಿಂತ ಸಣ್ಣ ಬಿಡಿಭಾಗಗಳನ್ನು ಬಲಗೈಯ ಎರಡು ಬೆರಳಲ್ಲಿ ಹಿಡಿದು ಬೆಸುಗೆ ಹಾಕುತ್ತಿದ್ದರು. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರವೊಂದು ಕೆಟ್ಟಿತೆಂದು ನಾನು ಅವರಲ್ಲಿಗೆ ಮೊದಲ ಸಲ ಹೋದದ್ದು. ಸರಿಮಾಡಿ, ಆಡಿ ನೋಡಿ, ವಾಪಸ್ ಕೊಡುವಾಗ ಅವರೊಂದು ಮಾತು ಹೇಳಿದರು.

“ಮೇಡಂ, ಈ ಡಬ್ಬೀಲಿ ಬರೀ ಓಡೋದು, ಹಾರೋದು, ಗುಂಡು ಹೊಡಿಯೋದು. ನಾವು ಚೌಕಾಬಾರ ಆಡಿದ ಜನ. ಕೂತು ಯೋಚ್ನೆ ಮಾಡೋ ಆಟ ಯಾವುದೂ ಇಲ್ವಾ ಇದಕ್ಕೆ?”

ನನ್ನ ಬಾಲ್ಯಕ್ಕೆ ಯಾರೋ ಹೆಸರು ಹಿಡಿದು ಕರೆದಂತಾಯಿತು. ಕೋಟೆ ಆಟವನ್ನು ಬರೆದವರೇ ಅದರ ಒಳಗಿನ ಪ್ರೋಗ್ರಾಮನ್ನೆಲ್ಲ ಬಹಳ ಹಿಂದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದರು. ಯಾರು ಬೇಕಾದರೂ ತಿದ್ದಿಕೊಳ್ಳಬಹುದಿತ್ತು. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು, ಬುಧವಾರ ಮಧ್ಯಾಹ್ನ ಬಿಡುವು. ಆಟ ನನ್ನದು, ಡಬ್ಬಿ ಅವರದು ಎಂದು ಶುರುಮಾಡಿದೆವು.

ದೊಡ್ಡ ಮೇಜಿನ ಆಟವನ್ನು ಅಂಗೈಗೆ ಇಳಿಸುವುದೆಂದರೆ, ಮದುವೆ ಮನೆಯ ಪಾತ್ರೆಯನ್ನು ಟಿಫನ್ ಕ್ಯಾರಿಯರಿನಲ್ಲಿ ಕೂರಿಸುವ ಕೆಲಸ. ಮೌಸ್ ಇಲ್ಲ, ನಾಲ್ಕು ದಿಕ್ಕಿನ ಬಾಣ, ಎರಡು ಗುಂಡಿ, ಒಂದು ಕೆಂಪು, ಒಂದು ಹಸಿರು. ಅಷ್ಟರಲ್ಲೇ ರಾಜ್ಯಭಾರ ನಡೆಯಬೇಕು. ಕನ್ನಡದಲ್ಲೇ ಇರಲಿ ಎಂಬ ಹಟ ನನ್ನದು. ‘ಸಾಮ್ರಾಜ್ಯ’ ಎಂಬ ಪದ ಆ ಪರದೆಯಲ್ಲಿ ಹಿಡಿಸಲೇ ಇಲ್ಲ, ಒತ್ತಕ್ಷರಗಳು ಕೆಳಗಿನ ಸಾಲಿನ ತಲೆ ತುಳಿದವು. ಕಡೆಗೆ ಸಾಮ್ರಾಜ್ಯ ‘ನಾಡು’ ಆಯಿತು. ‘ಅಶ್ವದಳ’ ಬರೀ ‘ಕುದುರೆ’ ಆಯಿತು. ನಾನು ಬೇಸರಪಟ್ಟರೆ ಇಮ್ತಿಯಾಜ್ ಭಾಯ್, “ಕುದ್ರೆ ಅಂದ್ರೆ ಕುದ್ರೆಗೂ ಗೊತ್ತಾಗ್ತದೆ. ಬುಡಿ ಮೇಡಂ” ಎಂದರು.

ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಜಗಳ. ಕಂಪ್ಯೂಟರಿನಲ್ಲಿ ಮೂವರು ರಾಜರು ಕೆಲವೇ ಕ್ಷಣದಲ್ಲಿ ಯೋಚಿಸಿ ಮುಗಿಸುತ್ತಿದ್ದರು. ಬಡ ಡಬ್ಬಿಯಲ್ಲಿ ಆಟ ಬೆಳೆದಂತೆಲ್ಲ ಅದೇ ಯೋಚನೆಗೆ ಹತ್ತು ನಿಮಿಷದವರೆಗೂ ಹಿಡಿಯುತ್ತಿತ್ತು. ಅಷ್ಟೂ ಹೊತ್ತು ಆಟ ಉಳಿಸುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ.

“ಸಿಟಿ ಬಸ್ಸಲ್ಲಿ ಒಬ್ಬ ಕೂತು ಆಡ್ತಾವ್ನೆ ಅಂತಿಟ್ಕೊಳಿ” ಎಂದರು ಇಮ್ತಿಯಾಜ್ ಭಾಯ್. “ಅವ್ನ ಸ್ಟಾಪು ಬಂತು. ನಿಮ್ಮ ರಾಜ ಇನ್ನೂ ಗಡ್ಡ ಕೆರ್ಕೊಂಡು ಯೋಚ್ನೆ ಮಾಡ್ತಾವ್ನೆ. ಇವ್ನು ಇಳೀಬೇಕೋ ಬೇಡ್ವೋ?”

“ಸರದಿ ಮುಗಿಸಿ ಇಳೀಲಿ ಭಾಯ್.”

“ಅಷ್ಟೊತ್ಗೆ ಬಸ್ಸು ಡಿಪೋಲಿರ್ತದೆ! ಎಲ್ ಬೇಕಾದ್ರೂ ನಿಲ್ಸಿ, ಅಲ್ಲಿಂದ್ಲೇ ಆಡೋ ಅಂಗೆ ಮಾಡಿ.”

“ಮಧ್ಯೆ ನಿಲ್ಲಿಸೋಕೆ ಬಿಟ್ರೆ ಜನ ಮೋಸ ಮಾಡ್ತಾರೆ. ಸೋತ ಕೂಡಲೇ ಹಿಂದಕ್ಕೆ ಹೋಗ್ತಾರೆ. ಮೂಲ ಆಟದಲ್ಲಿ ಹೀಗೇ ಇರೋದು.”

ಕೆಳಗಿನಿಂದ ಮಹದೇವಪ್ಪನವರ ದನಿ ಬಂತು. ಹಣೆ ತುಂಬ ವಿಭೂತಿ, ಬಾಯಿ ತುಂಬ ತಮಾಷೆ ಅವರದು. “ಏನ್ರೀ ಇಮ್ತಿಯಾಜು, ರಾಜ್ಯ ಹಂಚ್ಕೊಳೋದು ಮುಗೀಲಿಲ್ವಾ? ನನಗೂ ಒಂದು ತಾಲೂಕು ಇಟ್ಟಿರಿ ಕಣ್ರೀ.”

ನಾನು ಒಪ್ಪಲಿಲ್ಲ. ಮೂಲದಲ್ಲಿ ಇದ್ದಂತೆಯೇ ಇರಬೇಕು ಎಂಬುದನ್ನು ನಿಷ್ಠೆ ಎಂದುಕೊಂಡಿದ್ದೆ. ಮಧ್ಯದಲ್ಲಿ ನಿಲ್ಲಿಸುವ ಅನುಕೂಲ ಮಾಡುವ ಬದಲು ಡಬ್ಬಿಯ ವೇಗವನ್ನೇ ಏರಿಸಿದೆ. ವೇಗ ಏರಿಸಿದರೆ ಬಿಸಿಯೂ ಏರುತ್ತದೆ. ಬಿಸಿ ಮಿತಿ ದಾಟಿದರೆ ತಾನಾಗಿ ಆರಿಹೋಗುವ ಒಂದು ಕಾವಲು ಅದರಲ್ಲಿತ್ತು. ಆಟ ಕೆಡದೆ ಇನ್ನೂರು ಸರದಿ ನಡೆಯುತ್ತದೆಯೇ ಎಂದು ನೋಡಲು, ನಾಲ್ಕೂ ರಾಜರನ್ನು ಕಂಪ್ಯೂಟರಿಗೇ ಒಪ್ಪಿಸಿ, ತಾನೇ ತನ್ನೊಂದಿಗೆ ಆಡಿಕೊಳ್ಳಲು ಬಿಡುತ್ತಿದ್ದೆ. ಪ್ರತಿ ಸಲವೂ ನೂರೈವತ್ತರ ಹತ್ತಿರ ಕಾವಲು ಎದ್ದು ಡಬ್ಬಿಯನ್ನು ಆರಿಸಿಬಿಡುತ್ತಿತ್ತು. ಆ ಮಂಗಳವಾರ ಮನೆಯಲ್ಲಿ ಕೂತು ನಾನು ಆ ಕಾವಲನ್ನು ತೆಗೆದುಹಾಕಿದೆ. ಪರೀಕ್ಷೆ ಮುಗಿದ ಮೇಲೆ ಮತ್ತೆ ಹಾಕಿದರಾಯಿತು ಎಂದುಕೊಂಡೆ.

ಇಮ್ತಿಯಾಜ್ ಭಾಯ್‌ಗೆ ಹೇಳಲಿಲ್ಲ. ಮರೆತೆ ಎಂದು ಆಮೇಲೆ ಕೆಲವರ ಮುಂದೆ ಹೇಳಿದ್ದುಂಟು. ಮರೆತಿರಲಿಲ್ಲ. ಹೇಳಿದ್ದರೆ ಅವರು ಬೇಡ ಎನ್ನುತ್ತಿದ್ದರು.

ಮರುದಿನ ಬುಧವಾರ. ಬೆಳಿಗ್ಗೆ ಕಾಲೇಜಿನ ದಾರಿಯಲ್ಲಿ ಡಬ್ಬಿಯನ್ನು ಅವರಿಗೆ ಕೊಟ್ಟು ಹೋಗಿದ್ದೆ, ಅವರು ಆಗಲೇ ಚಾಲೂ ಮಾಡಿಟ್ಟಿದ್ದರು. ನಾನು ಹೋಗುವ ಹೊತ್ತಿಗೆ ನೂರ ಎಪ್ಪತ್ತು ದಾಟಿತ್ತು. ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ಸಾಲು ಸಾಲಾಗಿ ಬರುವುದನ್ನು ನೋಡುತ್ತ ಕೂತೆ. ಅವರು ಎದುರಿಗೆ ಯಾರದೋ ರೇಡಿಯೋ ಬಿಚ್ಚಿಕೊಂಡಿದ್ದರು. ನೂರ ಎಂಬತ್ತೇಳು ಶುರುವಾಯಿತು. ಅವರು ತಲೆ ಎತ್ತಿ ಡಬ್ಬಿಯನ್ನು ನೋಡಿದರು.

“ಮೇಡಂ, ಇದ್ರ ಬೆನ್ನು ಉಬ್ತಾ ಅದೆ. ತಂತಿ ಕಿತ್ಬುಡ್ಲಾ?”

ನಾನು ಕಣ್ಣು ಎತ್ತದೆ ಹೇಳಿದೆ: “ಒಂದು ನಿಮಿಷ ಭಾಯ್. ಇದೊಂದು ಸರದಿ ಮುಗೀಲಿ. ಉಳಿಸ್ಕೊಂಡುಬಿಡ್ತೀನಿ.”

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಬಿಸಿಯಾದರೆ ತಾನೇ ಆರುತ್ತದೆ ಎಂದು ಅವರಿಗೆ ನಂಬಿಕೆ. ಓದಿದವಳು ಹೇಳುತ್ತಿದ್ದಾಳೆ ಎಂಬ ನಂಬಿಕೆ ಬೇರೆ. ನಾನು ಕೇಳಿಸಿಕೊಂಡದ್ದು ನಮ್ಮ ಮನೆಯ ಮೇಜಿನ ಕೆಳಗಿನ ಆ ಹಳೆಯ ಕಿಂಯ್ ಕಿಂಯ್. ಇನ್ನೂ ಸ್ವಲ್ಪ ಹೊತ್ತಿದೆ.

ಹೊತ್ತಿರಲಿಲ್ಲ. ಒಲೆಯ ಮೇಲೆ ನೀರು ಚಿಮುಕಿಸಿದಂತೆ ಒಂದು ಸದ್ದು, ಸಿಹಿಸಿಹಿಯಾದ ಕೆಟ್ಟ ವಾಸನೆಯ ಬಿಳಿ ಹೊಗೆ, ಅದರ ಹಿಂದೆಯೇ ಡಬ್ಬಿಯ ಪಕ್ಕದಿಂದ ನೇರ ಜ್ವಾಲೆ. ಕೋಣೆಗೆ ಇದ್ದದ್ದು ಒಂದು ಕಿಟಕಿ. ಅದರ ಕೆಳಗೆ ಗೋಣಿಯ ರಾಶಿ. ಕೋಣೆಯ ಕೆಳಗೆ ಗೋಣಿಯ ರಾಶಿ. ಮೆಟ್ಟಿಲು ಮರದ್ದು. ನಾನು ಎದ್ದು ನಿಂತೆ. ಎದ್ದು ನಿಂತು ಏನು ಮಾಡಿದೆ ಎಂಬುದನ್ನು ಈಗಲೂ ದಿನಕ್ಕೆ ಎರಡು ಮೂರು ಸಲ ನೋಡುತ್ತೇನೆ: ಲ್ಯಾಪ್‌ಟಾಪನ್ನು ಮುಚ್ಚಿ ಎದೆಗೆ ಅಪ್ಪಿಕೊಂಡೆ. ಮನೆಗೆ ಬೆಂಕಿ ಬಿದ್ದರೆ ಮೊದಲು ಏನನ್ನು ಎತ್ತಿಕೊಳ್ಳುತ್ತೀರಿ ಎಂದು ಕಾಲೇಜಿನಲ್ಲಿ ಹುಡುಗಿಯರನ್ನು ತಮಾಷೆಗೆ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ.

ಇಮ್ತಿಯಾಜ್ ಭಾಯ್ ಕೈಗೆ ಸಿಕ್ಕ ಒರೆಸುವ ಬಟ್ಟೆಯಲ್ಲಿ ಅದನ್ನು ಹಿಡಿದು, “ಸರೀರಿ!” ಎಂದು ಕೂಗಿ, ಹನ್ನೊಂದು ಮೆಟ್ಟಿಲು ಇಳಿದರು. ನಾಲ್ಕನೆಯ ಮೆಟ್ಟಿಲಿಗೆ ಬಟ್ಟೆಗೂ ಬೆಂಕಿ ಹತ್ತಿತು. ಅಲ್ಲಿ ಬಿಟ್ಟಿದ್ದರೆ ಕೆಳಗೆ ಗೋಣಿ. ಬಿಡಲಿಲ್ಲ. ಅಂಗಡಿ ಬಾಗಿಲಲ್ಲಿ ಮರಳು ತುಂಬಿದ ಕೆಂಪು ಬಕೆಟ್ಟೊಂದಿತ್ತು. ಬೆಂಕಿಗೆಂದೇ ಇಟ್ಟದ್ದು, ಇಷ್ಟು ವರ್ಷ ಮಹದೇವಪ್ಪನವರು ಅದರಲ್ಲಿ ಊದಿನಕಡ್ಡಿ ಸಿಕ್ಕಿಸುತ್ತಿದ್ದರು. ಡಬ್ಬಿ ಅದರೊಳಗೆ ಬಿತ್ತು. ಮಹದೇವಪ್ಪನವರು ಬರಿಗೈಯಲ್ಲಿ ಮರಳು ಗೋರಿ ಗೋರಿ ಮೇಲೆ ಸುರಿದರು. ಎಷ್ಟೋ ವರ್ಷದ ಊದಿನಕಡ್ಡಿಯ ತುಂಡುಗಳು ಸುಟ್ಟು ಇಡೀ ಅಂಗಡಿ ದೇವರಮನೆಯಂತೆ ಪರಿಮಳಿಸಿತು. ಆ ವಾಸನೆ ಈಗ ನನಗೆ ಆಗಿಬರುವುದಿಲ್ಲ.

ಆಮೇಲೆ ನಲ್ಲಿಯ ಕೆಳಗೆ ಕೈ ಹಿಡಿಸಿದೆವು. ಬಲಗೈಯ ಅಂಗೈ, ಹೆಬ್ಬೆರಳು, ಪಕ್ಕದ ಎರಡು ಬೆರಳು. ನಾನು ನೋಡಿದೆ, ಬರೆಯಲಾರೆ. ಅಂಗಡಿಯ ಗೂಡ್ಸ್ ಆಟೋದಲ್ಲಿ, ಗೋಣಿಯ ಕಟ್ಟಿನ ಮೇಲೆ ಅವರನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಮಹದೇವಪ್ಪನವರು ಬೈಯುತ್ತಿದ್ದರು. “ಸುಟ್ರೆ ಸುಟ್ಟೋಗ್ಲಿ ಗೋಣಿ! ಬಿಸಾಕೋಕೆ ಏನ್ ರೋಗ ನಿಮ್ಗೆ?” ಎಂದು ಬೈಯುತ್ತಲೇ ತಮ್ಮ ಟವೆಲಿನಿಂದ ಅವರ ಮುಖಕ್ಕೆ ಗಾಳಿ ಬೀಸುತ್ತಿದ್ದರು.

ಇಮ್ತಿಯಾಜ್ ಭಾಯ್, “ಮೇಡಂ ಮೇಲಿದ್ರಲ್ಲ ಅಪ್ಪೋರೆ” ಎಂದಷ್ಟೇ ಹೇಳಿದರು.

ಚರ್ಮ ತೆಗೆದು ಕಸಿ ಮಾಡಿದರು. ಡಾಕ್ಟರು ಒಳ್ಳೆಯವರು, ಆದರೆ ಸುಳ್ಳು ಹೇಳುವವರಲ್ಲ. ಗಾಯ ಮಾಯುತ್ತದೆ, ಹೆಬ್ಬೆರಳು ಮೊದಲಿನಂತೆ ಮಡಚುತ್ತದೆಯೇ, ಸಣ್ಣ ವಸ್ತು ಹಿಡಿಯುತ್ತದೆಯೇ ಎಂಬುದನ್ನು ಈಗಲೇ ಹೇಳಲಾಗದು ಎಂದರು. ಇಮ್ತಿಯಾಜ್ ಭಾಯ್ ಅವರ ಹೆಂಡತಿ ಶಬಾನಾ ಗೋಡೆಗೆ ಒರಗಿ ನಿಂತಿದ್ದರು. ಅಟ್ಟದ ಆ ರಿಪೇರಿ ಕೋಣೆಯಲ್ಲಿದ್ದ ಎಲ್ಲ ಹತಾರಗಳೂ ಇನ್ನೊಬ್ಬರಿಗೆ ಸಿಗುವಂಥವು. ಆ ಎರಡು ಬೆರಳ ಹಿಡಿತವೊಂದೇ ಇಮ್ತಿಯಾಜ್ ಭಾಯ್ ಅವರ ಸ್ವಂತದ್ದು.

ಅಂದಿನಿಂದ ನನ್ನ ನಿದ್ದೆ ಹೋಯಿತು. ಮಲಗಿದ ಸ್ವಲ್ಪ ಹೊತ್ತಿಗೆಲ್ಲ ಎಚ್ಚರ, ಎದ್ದು ಮನೆಯ ಪ್ಲಗ್ಗುಗಳನ್ನೆಲ್ಲ ಮುಟ್ಟಿ ನೋಡುವುದು. ಹಗಲಲ್ಲಿ ಸಿಕ್ಕಿದವರ ಮೊಬೈಲಿನ ಬೆನ್ನು ಸವರಿ ನೋಡುವ ಚಾಳಿ ಹತ್ತಿತು. ಸ್ಟಾಫ್ ರೂಮಿನಲ್ಲಿ ನನ್ನನ್ನು ಕಂಡರೆ ಫೋನು ಜೇಬಿಗೆ ಹಾಕಿಕೊಳ್ಳತೊಡಗಿದರು. ಒಂದು ಬಕೆಟ್ ಮರಳು ತಂದು ಅಡುಗೆಮನೆ ಬಾಗಿಲಲ್ಲಿಟ್ಟೆ. ವಾರ ಕಳೆದು ನೋಡಿದರೆ ಅಮ್ಮ ಅದರಲ್ಲಿ ಮೆಂತ್ಯ ಬಿತ್ತಿದ್ದಳು. “ಸುಮ್ನೆ ಕೂತಿತ್ತು ಕಣೆ” ಎಂದಳು. ಸೊಪ್ಪು ಬಹಳ ಚೆನ್ನಾಗಿ ಬಂತು. ಅಮ್ಮ ಅದನ್ನು ಸಾರಿಗೆ ಹಾಕಿ, ನಾನು ಒಂದೇ ಕೂಗಿಗೆ ಊಟಕ್ಕೆ ಬಂದು ಕೂತದ್ದನ್ನು ನೋಡಿ, ಒಂದು ಸೌಟು ಹೆಚ್ಚಿಗೆ ಬಡಿಸಿದಳು.

ಭಾನುವಾರಗಳಂದು ರಾಜೀವನಗರದ ಅವರ ಮನೆಗೆ ಹೋಗುತ್ತಿದ್ದೆ. ಮೂರನೆಯ ಭಾನುವಾರ ಹೇಳಿಬಿಟ್ಟೆ. ಕಾವಲು ತೆಗೆದದ್ದು ನಾನು, ಬೇಕೆಂದೇ ನಿಮಗೆ ತಿಳಿಸಲಿಲ್ಲ, ಕಿತ್ತುಬಿಡಲಾ ಎಂದು ನೀವು ಕೇಳಿದಾಗ ತಡೆದದ್ದೂ ನಾನೇ.

ಇಮ್ತಿಯಾಜ್ ಭಾಯ್ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ಪಟ್ಟಿಯ ಅಂಚನ್ನು ಎಡಗೈಯಲ್ಲಿ ಸುತ್ತಲೂ ಸರಿಮಾಡತೊಡಗಿದರು. ನನ್ನ ಜೀವನದಲ್ಲಿ ಅಷ್ಟು ಉದ್ದದ ಸರದಿಯನ್ನು ನಾನು ಕಾದಿಲ್ಲ.

“ಹೇಳ್ಬೇಕಿತ್ತು ಮೇಡಂ” ಎಂದರು ಕೊನೆಗೆ. ದನಿಯಲ್ಲಿ ಕೋಪವಿತ್ತು. ಇರಬೇಕಾದದ್ದೇ. ಆಮೇಲೆ, “ಹೊಸ ಬ್ಯಾಟ್ರಿ ಬಂದಿರ್ಲಿಲ್ಲ. ಯಾವ್ದೋ ಹಳೇ ಮೊಬೈಲಿಂದು ಹಾಕಿದ್ದೆ. ಕಾವಲು ಅದ್ಯಲ್ಲ ಅಂತ. ನಾನೂ ನಿಮ್ಗೆ ಹೇಳ್ಲಿಲ್ಲ” ಎಂದರು.

ಚಹಾ ತಂದ ಶಬಾನಾ ಇಬ್ಬರ ಮುಖವನ್ನೂ ನೋಡಿದರು. “ಇಬ್ರೂ ಒಂದ್ ಮಾತು ಆಡಿದ್ರೆ ಸಾಕಿತ್ತು. ಕುದ್ರೆಗೆ ಏನ್ ಹೆಸ್ರು ಇಡ್ಬೇಕು ಅಂತ ಅರ್ಧ ದಿನ ಮಾತಾಡ್ತಿದ್ರಿ.”

ಇಬ್ಬರೂ ಚಹಾದ ಲೋಟ ಎತ್ತಿಕೊಂಡೆವು. ಹೊರಡುವಾಗ ಇಮ್ತಿಯಾಜ್ ಭಾಯ್ ಕೇಳಿದರು: “ನಿದ್ದೆ ಮಾಡ್ತಿಲ್ವಾ ಮೇಡಂ? ಕಣ್ಣು ನೋಡಿ. ಕೈ ಸುಟ್ಕೊಂಡೋನು ನಾನು, ಮಾತ್ರೆ ನಿಮ್ಗೂ ಬರ್ಸೋ ಅಂಗಾಯ್ತಲ್ಲ.” ನಾನು ನಗಲು ಪ್ರಯತ್ನಿಸಿದೆ. ಅವರು ಮುಂದುವರಿಸಿದರು: “ಆ ಆಟ ಮಾಡ್ಕೊಡಿ. ಡಾಕ್ಟ್ರು ಒಂದು ಸ್ಪಂಜಿನ ಚೆಂಡು ಕೊಟ್ಟವ್ರೆ, ಹಿಸುಕ್ತಾ ಇರಿ ಅಂತ. ಎಷ್ಟೊತ್ತು ಹಿಸುಕ್ಲಿ ಅದನ್ನ? ನನ್ ಬೆರಳು ಈಗ ಓಡೋ ಆಟಕ್ಕೆ ಆಗಲ್ಲ. ಅದು ನಿಮ್ಗೋಸ್ಕರ ನಿಲ್ಲಲ್ಲ. ಈ ಆಟ ಕಾಯ್ತದೆ.”

ಆ ಆಟದ ಜೊತೆ ಬೆಳೆದವಳು ನಾನು. ಅದು ನಮ್ಮನ್ನು ಕಾಯಿಸುತ್ತದೆ ಎಂದಷ್ಟೇ ತಿಳಿದಿದ್ದೆ. ಅದೂ ನಮಗಾಗಿ ಕಾಯುತ್ತದೆ ಎಂಬುದು ಹೊಳೆದಿರಲಿಲ್ಲ. ಹೆಬ್ಬೆರಳು ಒಂದು ಗುಂಡಿ ಒತ್ತಲು ಅರ್ಧ ನಿಮಿಷ ತೆಗೆದುಕೊಂಡರೂ ಆ ಮೂವರು ರಾಜರು ಗಡಿ ದಾಟದೆ ನಿಂತಿರುತ್ತಾರೆ.

ಹದಿನೆಂಟು ದಿನ ಹಿಡಿಯಿತು. ಕಾವಲನ್ನು ಮೊದಲು ಹಾಕಿದೆ. ನನ್ನಿಂದಲೂ ತೆಗೆಯಲಾಗದ ಹಾಗೆ ಹಾಕಿದೆ. ವೇಗವನ್ನು ಮೊದಲಿನಷ್ಟಕ್ಕೆ ಇಳಿಸಿದೆ. ಉಳಿದ ದಿನಗಳೆಲ್ಲ ಒಂದೇ ಕೆಲಸಕ್ಕೆ ಹೋದವು: ಮೂವರು ರಾಜರ ಅರ್ಧಕ್ಕೆ ನಿಂತ ಯೋಚನೆಯನ್ನು ಹಾಗೆಯೇ ಎತ್ತಿಡುವುದು, ಮತ್ತೆ ತೆರೆದಾಗ ಅಲ್ಲಿಂದಲೇ ಮುಂದುವರಿಸುವುದು. ಕೆಂಪು ಗುಂಡಿಯನ್ನು ಯಾವ ಕ್ಷಣದಲ್ಲಿ ಒತ್ತಿದರೂ ಆಟ ನಿಲ್ಲಬೇಕು. ಅಸಾಧ್ಯವೆಂದು ನಾನು ವಾದಿಸಿದ್ದ ಕೆಲಸವೇನೂ ಅಲ್ಲ. ಬೇಡ ಎಂದು ವಾದಿಸಿದ್ದೆ, ಅಷ್ಟೇ. ಮೋಸ ಮಾಡುವವರು ಮಾಡಿಕೊಳ್ಳಲಿ. ಬೇರೆ ಡಬ್ಬಿಗೆ ಹೊಸ ಬ್ಯಾಟರಿಯನ್ನು ಮಹದೇವಪ್ಪನವರ ಎದುರಿಗೆ, ಬಕೆಟ್ಟಿನ ಪಕ್ಕದಲ್ಲಿ ಕೂತು, ಇಮ್ತಿಯಾಜ್ ಭಾಯ್ ಹೇಳಿದಂತೆ ನಾನೇ ಜೋಡಿಸಿದೆ. ನನ್ನ ಬೆಸುಗೆ ನೋಡಿ ಅವರಿಗೆ ಕೈಗಿಂತ ಹೆಚ್ಚು ನೋವಾದಂತೆ ಕಂಡಿತು.

ಮೊದಮೊದಲು ಎಡಗೈಯಲ್ಲಿ ಬಾಣ ಒತ್ತುತ್ತಿದ್ದರು, ಬಲಗಡೆಯ ಗುಂಡಿಗಳನ್ನೂ ಎಡಗೈ ಚಾಚಿಯೇ ಒತ್ತುತ್ತಿದ್ದರು. ಆಮೇಲೆ ಬಲ ಹೆಬ್ಬೆರಳು ಗುಂಡಿಯ ಮೇಲೆ ಕೂರುವಷ್ಟಾಯಿತು. ಒತ್ತಲು ಬರುತ್ತಿರಲಿಲ್ಲ, ಕೂತಿರುತ್ತಿತ್ತು. ಶಬಾನಾ ಫೋನಿನಲ್ಲಿ, “ಚೆಂಡು ಮಂಚದ ಕೆಳ್ಗದೆ. ಈ ಡಬ್ಬಿ ಮಾತ್ರ ಕೈ ಬಿಡಲ್ಲ. ಊಟಕ್ಕೆ ಕರೆದ್ರೆ ಇದೊಂದು ಸರದಿ ಅಂತಾರೆ” ಎಂದಾಗ ನನ್ನ ಫೋನನ್ನು ಕಿವಿಯಿಂದ ತೆಗೆದು ಅದರ ಬೆನ್ನು ಸವರಿ ನೋಡಿದೆ.

ಅವರು ಕೆಲಸಕ್ಕೆ ವಾಪಸ್ ಬಂದದ್ದು ನಾಲ್ಕು ತಿಂಗಳ ಮೇಲೆ, ಒಂದು ಬುಧವಾರ. ನಾನು ಹನ್ನೊಂದು ಮೆಟ್ಟಿಲನ್ನು ಎಣಿಸಿಕೊಂಡೇ ಹತ್ತಿದೆ. ಯಾರದೋ ರೇಡಿಯೋ ಎದುರಿಗಿತ್ತು. ಎರಡು ಬೆರಳಲ್ಲಿ ಒಂದು ಸಣ್ಣ ಭಾಗವನ್ನು ಎತ್ತಿದರು, ಬಿತ್ತು. ಎತ್ತಿದರು, ಬಿತ್ತು. ಮೂರನೆಯ ಸಲ ನಿಂತಿತು. ಹೊಸ ಚರ್ಮ ಹೊಳೆಯುತ್ತಿದ್ದ ಬೆರಳು ಸ್ವಲ್ಪ ನಡುಗುತ್ತಿತ್ತು, ಆದರೂ ಬೆಸುಗೆ ಕೂತಿತು. “ಮೊದ್ಲಿನಂಗಿಲ್ಲ” ಎಂದರು. “ಆದ್ರೂ ನಿಮ್ದಕ್ಕಿಂತ ವಾಸಿ.”

ಮತ್ತೆ ಡಬ್ಬಿ ತೆಗೆದು ಗೋಡೆಗೆ ಒರಗಿ ಕೂತು ಆಡತೊಡಗಿದರು. ನಾನು ಪಕ್ಕದಲ್ಲಿ ಕೂತು ನೋಡಿದೆ. ಉತ್ತರದ ರಾಜ ಅವರ ಗಡಿಗೆ ಕುದುರೆ ತಂದು ನಿಲ್ಲಿಸಿದ್ದ. ಇವರು ಸರದಿ ಮುಗಿಸಿದರು. ಮೂವರೂ ಯೋಚಿಸಲು ಶುರುಮಾಡಿದರು. ಏನಾಗುತ್ತದೋ ಎಂದು ನಾನು ಪರದೆಯ ಕಡೆ ಬಾಗಿದೆ.

“ಇಮ್ತಿಯಾಜೂ, ಟೀ ಬಂತು. ಮೇಡಮ್ಮೋರ್ನೂ ಕರ್ಕೊಂಡ್ ಬನ್ರೀ, ಆರೋಗ್ತದೆ” ಎಂದು ಮಹದೇವಪ್ಪನವರು ಕೆಳಗಿನಿಂದ ಕೂಗಿದರು.

ಬಲ ಹೆಬ್ಬೆರಳು ಮಡಚಿತು. ಕೆಂಪು ಗುಂಡಿ ಒಳಗೆ ಹೋಗಿ ಹೊರಗೆ ಬಂತು. ಪರದೆ ಕಪ್ಪಾಯಿತು. ಇಮ್ತಿಯಾಜ್ ಭಾಯ್ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಎದ್ದರು.

“ಸರದಿ ಮುಗೀಲೇ ಇಲ್ವಲ್ಲ ಭಾಯ್!”

“ಇರ್ತದೆ ಬುಡಿ ಮೇಡಂ. ಎಲ್ಲಿಗೋಗ್ತದೆ?” ಎಂದು ಮೆಟ್ಟಿಲಿಳಿದರು.

ಟೀ ಬಿಸಿಯಾಗಿತ್ತು. ಅಂದು ಹತ್ತು ಗಂಟೆಗೆ ಮಲಗಿದೆ. ಮತ್ತೆ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬೆಳಕಿತ್ತು, ಅಮ್ಮ ಬಾಗಿಲಿಗೆ ನೀರು ಹಾಕಿ ಗುಡಿಸುತ್ತಿದ್ದ ಸದ್ದು ಕೇಳಿಸುತ್ತಿತ್ತು.